ಎರಡು ಸಲ ಜೈಲು, ನಾಲ್ಕು ಸಲ ಮೇಯರ್

ಬಾಸ್ಟನ್ ನಗರದ ಫ್ಯಾನ್ಯುಲ್ ಹಾಲ್ ಬಳಿಯ ಪುಟ್ಟ ಪಾರ್ಕಿನಲ್ಲಿ ಒಬ್ಬನೇ ಮನುಷ್ಯನ ಎರಡು ಕಂಚಿನ ಪ್ರತಿಮೆಗಳಿವೆ. ಒಂದು ನಿಂತಿದೆ, ಇನ್ನೊಂದು ಬೆಂಚಿನ ಮೇಲೆ ಆರಾಮಾಗಿ ಕೂತಿದೆ. ಯಾರಪ್ಪಾ ಈ ಮಹಾನುಭಾವ ಎಂದು ಹುಡುಕಲು ಹೊರಟಿರೋ, ಅವತ್ತಿನ ಉಳಿದ ಕೆಲಸವೆಲ್ಲ ಮೂಲೆಗೆ! ಜೇಮ್ಸ್ ಮೈಕಲ್ ಕರ್ಲಿ. ನಾಲ್ಕು ಸಲ ಮೇಯರ್, ಒಮ್ಮೆ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್, ಸಂಸತ್ ಸದಸ್ಯ. ಜೊತೆಗೆ ಎರಡು ಸಲ ಕೈದಿ.

ಹುಟ್ಟಿದ್ದು 1874ರಲ್ಲಿ, ಐರ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದ ಬಡವರ ಮನೆಯಲ್ಲಿ. ಹತ್ತು ವರ್ಷಕ್ಕೇ ಅಪ್ಪ ಇಲ್ಲ. ಅಮ್ಮ ಕಚೇರಿಗಳ ನೆಲ ತಿಕ್ಕಿ ಮಕ್ಕಳನ್ನು ಸಾಕಿದಳು. ಮುಂದೆ ಮಗ ಮೇಯರ್ ಆದಾಗ ಸಿಟಿ ಹಾಲ್‌ನ ಕಸಗುಡಿಸುವ ಹೆಂಗಸರಿಗೆ ಉದ್ದ ಹಿಡಿಯ ಮಾಪ್ ಕೊಡಿಸಿದನಂತೆ, ಮಂಡಿಯೂರಿ ನೆಲ ಒರೆಸುವುದು ತಪ್ಪಲಿ ಎಂದು. ಬಾಸ್ಟನ್ನಿಗರು ಈ ಕಥೆಯನ್ನು ಇವತ್ತಿಗೂ ಹೇಳುತ್ತಾರೆ.

ಜೈಲಿನ ಕಥೆ ಇನ್ನೂ ಸೊಗಸು. ಪೋಸ್ಟ್‌ಮ್ಯಾನ್ ನೌಕರಿಯ ಪರೀಕ್ಷೆಗೆ ಬೇರೊಬ್ಬನ ಹೆಸರಿನಲ್ಲಿ ಕೂತು ಬರೆದ, ಸಿಕ್ಕಿಬಿದ್ದ, 60 ದಿನ ಶಿಕ್ಷೆಯಾಯಿತು. ಬೇರೆ ಯಾರಾದರೂ ಆಗಿದ್ದರೆ ರಾಜಕೀಯ ಅಲ್ಲಿಗೆ ಮುಗಿಯುತ್ತಿತ್ತು. ಇವನು 1904ರಲ್ಲಿ ಜೈಲಿನೊಳಗಿಂದಲೇ ನಗರಸಭೆಗೆ ಆರಿಸಿ ಬಂದ! ಘೋಷಣೆ ಏನು ಗೊತ್ತೇ? ಸ್ನೇಹಿತನಿಗೋಸ್ಕರ ಮಾಡಿದ್ದು ಎಂಬುದು. ಕೆಲಸಕ್ಕೆ ಅಲೆದು ಸುಸ್ತಾಗಿದ್ದ ಬಡ ಐರಿಷರಿಗೆ ಆ ಅಪರಾಧವೇ ಯೋಗ್ಯತಾಪತ್ರವಾಗಿ ಕಂಡಿತು. ನಮಗಾಗಿ ಜೈಲಿಗೂ ಹೋಗುವವನು ಎಂದರೆ ಇನ್ನೇನು ಬೇಕು?

1913ರಲ್ಲಿ ಮೇಯರ್ ಕುರ್ಚಿಯ ಮೇಲೆ ಕಣ್ಣು ಬಿತ್ತು. ಕೂತಿದ್ದವರು ಜಾನ್ ಎಫ್. ಫಿಟ್ಜ್‌ಜೆರಾಲ್ಡ್. ಸಿಗರೇಟು ಮಾರುವ 'ಟೂಡಲ್ಸ್' ಎಂಬ ಯುವತಿಯೊಂದಿಗೆ ಅವರ ಹೆಸರು ಸೇರಿಸಿ ಊರೆಲ್ಲ ಗುಸುಗುಸು. ಕರ್ಲಿ ಒಂದು ಉಪನ್ಯಾಸ ಪ್ರಕಟಿಸಿದ: ಇತಿಹಾಸದ ಮಹಾಪ್ರೇಮಿಗಳು, ಕ್ಲಿಯೋಪಾತ್ರಾಳಿಂದ ಟೂಡಲ್ಸ್‌ವರೆಗೆ! ಫಿಟ್ಜ್‌ಜೆರಾಲ್ಡ್ ಕಣದಿಂದ ಹಿಂದೆ ಸರಿದರು. ಈ ಫಿಟ್ಜ್‌ಜೆರಾಲ್ಡ್ ಯಾರೆಂದುಕೊಂಡಿರಿ? ಅಧ್ಯಕ್ಷ ಜಾನ್ ಎಫ್. ಕೆನಡಿಯ ತಾಯಿಯ ತಂದೆ.

ಇಂಥವನು ಮಾಡಿದ ಕೆಲಸವೂ ಕಡಿಮೆಯದಲ್ಲ. ಬಡವರ ಬಡಾವಣೆಗಳಿಗೆ ಸ್ನಾನಗೃಹ, ಆಟದ ಮೈದಾನ, ಕಡಲತೀರ, ಆಸ್ಪತ್ರೆ. ಖರ್ಚಿನ ಹೊರೆ ಮಾತ್ರ ಶ್ರೀಮಂತ ಹಳೆಯ ಮನೆತನಗಳ ಮತ್ತು ವ್ಯಾಪಾರಿಗಳ ತೆರಿಗೆಯ ಮೇಲೆ. ಅವರು ಬೇಸತ್ತು ಊರು ಬಿಟ್ಟರೆ? ಬಿಡಲಿ, ತನಗೆ ಓಟು ಹಾಕದವರೇ ಕಡಿಮೆಯಾದರಲ್ಲ! ಎದುರಾಳಿಗಳನ್ನು ಹೀಗೆ ಹೊರದೂಡುತ್ತ, ಊರು ಬಡವಾದರೂ ತಾನು ಗೆಲ್ಲುತ್ತ ಹೋಗುವ ರಾಜಕಾರಣಕ್ಕೆ ಅರ್ಥಶಾಸ್ತ್ರಜ್ಞರಾದ ಎಡ್ವರ್ಡ್ ಗ್ಲೇಸರ್ ಮತ್ತು ಆಂಡ್ರೇ ಶ್ಲೈಫರ್ 'ಕರ್ಲಿ ಪರಿಣಾಮ' ಎಂದೇ ಹೆಸರಿಟ್ಟರು. ಮಾಪ್ ಕೊಡಿಸಿದ ಕೈಯೇ ಊರಿನ ಬೊಕ್ಕಸವನ್ನೂ ಸೊರಗಿಸಿತು. ಎರಡನ್ನೂ ಒಟ್ಟಿಗೆ ನೋಡದೆ ಇವನು ಅರ್ಥವಾಗುವುದಿಲ್ಲ.

1932ರ ಡೆಮಾಕ್ರಟಿಕ್ ಪಕ್ಷದ ಸಮಾವೇಶಕ್ಕೆ ತನ್ನ ರಾಜ್ಯದಿಂದ ಜಾಗ ಸಿಗದಿದ್ದಾಗ ಪೋರ್ಟೊ ರಿಕೊದ ಪ್ರತಿನಿಧಿ 'ಹೈಮೆ ಕರ್ಲಿಯೊ' ಆಗಿ ಹಾಜರಾದ. ನಂಬಿ, ಇದು ಸಿನಿಮಾ ಅಲ್ಲ!

ಅಂಚೆ ವಂಚನೆಯ ಆರೋಪ ತಲೆಯ ಮೇಲಿದ್ದಾಗಲೇ 1945ರಲ್ಲಿ ನಾಲ್ಕನೇ ಸಲ ಗೆದ್ದ. 1947ರಲ್ಲಿ ಡ್ಯಾನ್‌ಬರಿ ಜೈಲು ಸೇರಿದ, ಮೇಯರ್ ಪದವಿ ಬಿಡಲೇ ಇಲ್ಲ. ಬಿಡುಗಡೆ ಕೋರಿದ ಮನವಿಗೆ ಸಹಿ ಹಾಕಲೊಪ್ಪದ ಯುವ ಸಂಸದನೇ ಜಾನ್ ಕೆನಡಿ! ಅಜ್ಜನ ಲೆಕ್ಕವೂ ಅದರಲ್ಲಿ ಸೇರಿತ್ತೇ ಎಂದು ಕೇಳದಿರಲು ನನ್ನಿಂದಾಗದು. ಕೊನೆಗೆ ಅಧ್ಯಕ್ಷ ಟ್ರೂಮನ್ ಶಿಕ್ಷೆ ತಗ್ಗಿಸಿದರು. ಐದು ತಿಂಗಳ ನಂತರ ಕಚೇರಿಗೆ ಮರಳಿದ ಕರ್ಲಿ, ಇಷ್ಟು ತಿಂಗಳಲ್ಲಿ ಆಗದ ಕೆಲಸ ಒಂದೇ ದಿನದಲ್ಲಿ ಮುಗಿಸಿದೆ ಎಂದು ಪತ್ರಕರ್ತರ ಮುಂದೆ ಕೊಚ್ಚಿಕೊಂಡ. ಅಷ್ಟು ತಿಂಗಳು ಆಡಳಿತ ನೋಡಿಕೊಂಡಿದ್ದ ಮೃದು ಸ್ವಭಾವದ ಗುಮಾಸ್ತ ಜಾನ್ ಹೈನ್ಸ್‌ಗೆ ಮಾತು ಚುಚ್ಚಿತು. 1949ರ ಚುನಾವಣೆಗೆ ನಿಂತು ಕರ್ಲಿಯನ್ನು ಸೋಲಿಸಿಯೇ ಬಿಟ್ಟರು.