ವರ್ಷದ ಕೊನೆಗೆ ಎಂಟು ಮಂದಿ: ಮಹಿಳಾ ಟೆನಿಸ್ಸಿನ ದೊಡ್ಡ ಪಂದ್ಯ

ಊರ ಮೈದಾನದಲ್ಲಿ ನಡೆಯುವ ಕಬಡ್ಡಿ, ವಾಲಿಬಾಲ್ ಪಂದ್ಯಗಳನ್ನು ನೀವು ನೋಡಿಯೇ ಇರುತ್ತೀರಿ. ಒಂದು ಆಟ ಸೋತ ತಂಡ ಚೀಲ ಹೆಗಲಿಗೇರಿಸಿಕೊಂಡು ಊರಿಗೆ ಹೊರಡಬೇಕು. ಟೆನಿಸ್ಸಿನಲ್ಲೂ ಬಹುಪಾಲು ಪಂದ್ಯಾವಳಿಗಳ ಕಟ್ಟಳೆ ಇದೇ. ಆದರೆ ವರ್ಷದ ಕೊನೆಗೆ ನಡೆಯುವ ಒಂದು ಪಂದ್ಯಾವಳಿಯಲ್ಲಿ ಮಾತ್ರ ಸೋತವರಿಗೂ ಮತ್ತೊಂದು ಅವಕಾಶ ಉಂಟು. ಅದೇ ಮಹಿಳಾ ಟೆನಿಸ್ ಸಂಘದವರು ನಡೆಸುವ ಡಬ್ಲ್ಯೂ.ಟಿ.ಎ. ಫೈನಲ್ಸ್. ಟೆನಿಸ್ ನಮ್ಮ ಬೆಟ್ಟದ ಊರುಗಳ ಆಟವಲ್ಲ, ನಿಜ. ಆದರೂ ಇದರ ಕಥೆ ಹಾಸನೂರಿನಲ್ಲಿ ಕುಳಿತವರಿಗೂ ದೂರದ್ದಲ್ಲ. ಹೇಗೆಂದು ನೋಡೋಣ.

ಮೊದಲು ಕೂಲಿಯ ಮಾತು. ಒಂದೇ ಹೊಲದಲ್ಲಿ ಬೆಳಗಿನಿಂದ ಸಂಜೆಯವರೆಗೆ ಬೆನ್ನು ಬಗ್ಗಿಸಿದರೂ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಈ ಲೆಕ್ಕ ನಿಮಗೆ ಹೊಸದೇನಲ್ಲ. 1970ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಒಂದು ಪಂದ್ಯಾವಳಿಯಲ್ಲಿ ಗೆದ್ದ ಗಂಡಸಿಗೆ 12,500 ಡಾಲರ್, ಗೆದ್ದ ಹೆಂಗಸಿಗೆ 1,500 ಡಾಲರ್ ಎಂದು ಗೊತ್ತುಮಾಡಿದ್ದರು. ಇದನ್ನು ಒಪ್ಪದ ಬಿಲ್ಲಿ ಜೀನ್ ಕಿಂಗ್ ಮತ್ತಿತರರು, ಒಟ್ಟು ಒಂಬತ್ತು ಆಟಗಾರ್ತಿಯರು, ಹ್ಯೂಸ್ಟನ್ನಿನಲ್ಲಿ ಸೇರಿದರು. ಪತ್ರಿಕೆಯೊಂದನ್ನು ನಡೆಸುತ್ತಿದ್ದ ಗ್ಲಾಡಿಸ್ ಹೆಲ್ಡ್‌ಮನ್ ಅವರೊಂದಿಗೆ ತಲಾ ಒಂದು ಡಾಲರಿನ ಕರಾರಿಗೆ ಸಹಿ ಹಾಕಿ, ತಮ್ಮದೇ ಪಂದ್ಯಗಳನ್ನು ಆರಂಭಿಸಿದರು. ಹಣ ಕೊಡಲು ಮುಂದೆ ಬಂದದ್ದು ವರ್ಜೀನಿಯಾ ಸ್ಲಿಮ್ಸ್ ಎಂಬ ಸಿಗರೇಟು. ಆ ಪಂದ್ಯಗಳಿಗೆ ವರ್ಷದ ಕೊನೆಯ ಕಿರೀಟವಾಗಿ 1972ರಲ್ಲಿ ಫ್ಲಾರಿಡಾದ ಬೋಕಾ ರಾಟನ್‌ನಲ್ಲಿ ಈ ಚಾಂಪಿಯನ್‌ಷಿಪ್ ಶುರುವಾಯಿತು. ಗೆದ್ದವರು 17 ವರ್ಷದ ಕ್ರಿಸ್ ಎವರ್ಟ್. ಆಕೆ ಆಗಿನ್ನೂ ಹವ್ಯಾಸಿ ಆಟಗಾರ್ತಿ. ಆದ್ದರಿಂದ ಬಹುಮಾನದ ಹಣ ಕೈಗೆ ಬರಲಿಲ್ಲ. ಮಹಿಳಾ ಟೆನಿಸ್ ಸಂಘ ಹುಟ್ಟಿದ್ದು ಮರುವರ್ಷ, 1973ರಲ್ಲಿ.

ಹಾಗಾದರೆ ಈ ಪಂದ್ಯಕ್ಕೆ ಯಾರು ಬರಬಹುದು? ಅರ್ಜಿ ಹಾಕಿ ಬರುವಂತಿಲ್ಲ. ಜನವರಿಯಿಂದ ಆಡಿದ ಪಂದ್ಯಗಳಲ್ಲಿ ಗಳಿಸಿದ ಅಂಕಗಳನ್ನು ಕೂಡಿಸಿ, ಮೇಲಿನ ಎಂಟು ಮಂದಿಯನ್ನು ಕರೆಯುತ್ತಾರೆ. ಇದಕ್ಕೊಂದು ವಿನಾಯಿತಿಯೂ ಇದೆ. 2024ರಲ್ಲಿ ವಿಂಬಲ್ಡನ್ ಗೆದ್ದ ಬಾರ್ಬೊರಾ ಕ್ರೆಚಿಕೋವಾ ಅಂಕದಲ್ಲಿ ಹಿಂದಿದ್ದರೂ, ಆ ಗೆಲುವಿನ ಬಲದಿಂದ ಎಂಟನೆಯ ಸ್ಥಾನ ಪಡೆದರು.

ಬಂದ ಎಂಟು ಮಂದಿಯನ್ನು ನಾಲ್ಕು ನಾಲ್ಕರ ಎರಡು ಗುಂಪು ಮಾಡುತ್ತಾರೆ. ಗುಂಪಿನಲ್ಲಿ ಪ್ರತಿಯೊಬ್ಬರೂ ಉಳಿದ ಮೂವರೊಡನೆ ಆಡಬೇಕು. ಪ್ರತಿ ಗುಂಪಿನ ಮೊದಲ ಇಬ್ಬರು ಸೆಮಿಫೈನಲ್ಲಿಗೆ. ಇಬ್ಬರ ಗೆಲುವು ಸಮವಾದರೆ ಅವರಿಬ್ಬರ ನಡುವಿನ ಆಟದಲ್ಲಿ ಗೆದ್ದವರು ಮೇಲು. ಮೂವರು ಸಮವಾದರೆ? ಆಗ ಆಡಿದ ಸೆಟ್ಟುಗಳಲ್ಲಿ ಎಷ್ಟು ಪಾಲು ಗೆದ್ದರೆಂದು ನೋಡುತ್ತಾರೆ. ಎರಡು ಸೆಟ್ ಗೆದ್ದವರಿಗೆ ಪಂದ್ಯ ಎಂಬುದು ನೆನಪಿರಲಿ.

2014ರಲ್ಲಿ ಸಿಂಗಪುರದಲ್ಲಿ ನಡೆದದ್ದನ್ನು ಕೇಳಿ. ಸೆರೆನಾ ವಿಲಿಯಮ್ಸ್ ಅವರನ್ನು ರುಮೇನಿಯಾದ ಸಿಮೋನಾ ಹಾಲೆಪ್ 6-0, 6-2ರಿಂದ ಸೋಲಿಸಿದರು. ಸೆರೆನಾ ಉಳಿದೆರಡು ಆಟ ಗೆದ್ದರೂ ಅವರ ಭವಿಷ್ಯ ಹಾಲೆಪ್ ಮತ್ತು ಅನಾ ಇವಾನೊವಿಚ್ ನಡುವಿನ ಕಡೆಯ ಆಟದ ಮೇಲೆ ನಿಂತಿತು. ಇವಾನೊವಿಚ್ ನೇರ ಎರಡು ಸೆಟ್ಟುಗಳಲ್ಲಿ ಗೆದ್ದಿದ್ದರೆ ಸೆರೆನಾ ಹೊರಗೆ. ಆದರೆ ಹಾಲೆಪ್ ಸೋತರೂ ಒಂದು ಸೆಟ್ ಗೆದ್ದುಕೊಂಡರು. ಮೂವರಿಗೂ ಎರಡೆರಡು ಗೆಲುವು. ಹಾಲೆಪ್ 7ರಲ್ಲಿ 5 ಸೆಟ್, ಸೆರೆನಾ 6ರಲ್ಲಿ 4, ಇವಾನೊವಿಚ್ 7ರಲ್ಲಿ 4. ಹೀಗೆ ಹಾಲೆಪ್ ಗೆದ್ದ ಆ ಒಂದೇ ಸೆಟ್ ಸೆರೆನಾರನ್ನು ಉಳಿಸಿತು. ಫೈನಲ್ಲಿನಲ್ಲಿ ಮತ್ತೆ ಅವರಿಬ್ಬರೇ ಎದುರಾದರು. ಈ ಸಲ ಸೆರೆನಾ 6-3, 6-0ರಿಂದ ಗೆದ್ದರು! ಅದು ಅವರ ಐದನೆಯ ಪ್ರಶಸ್ತಿ. ಎಂಟು ಸಲ ಗೆದ್ದ ಮಾರ್ಟಿನಾ ನವ್ರಾಟಿಲೋವಾರ ದಾಖಲೆಯನ್ನು ಯಾರೂ ಮುಟ್ಟಿಲ್ಲ.

ನಮ್ಮ ಕಡೆಯ ಸಂಬಂಧವೂ ಉಂಟು. ಹಾಸನೂರಿನಿಂದ ಚಾಮರಾಜನಗರ, ಮೈಸೂರು ಹಾದು ಬೆಂಗಳೂರು ಸೇರಿದರೆ, ಕಬ್ಬನ್ ಪಾರ್ಕಿನಲ್ಲಿ ರಾಜ್ಯ ಟೆನಿಸ್ ಸಂಸ್ಥೆಯ ಅಂಕಣಗಳಿವೆ. 2008ರ ಮಾರ್ಚಿಯಲ್ಲಿ ಬೆಂಗಳೂರಿನ ಪಂದ್ಯಾವಳಿಯ ಸೆಮಿಫೈನಲ್ಲಿನಲ್ಲಿ ಸೆರೆನಾ ತಮ್ಮ ಅಕ್ಕ ವೀನಸ್ ಅವರನ್ನು ಸೋಲಿಸಿ, ಪ್ರಶಸ್ತಿಯನ್ನೂ ಗೆದ್ದರು. ಅದೇ ವರ್ಷದ ಕೊನೆಗೆ ದೋಹಾದ ಚಾಂಪಿಯನ್‌ಷಿಪ್ ಗೆದ್ದವರು ಅಕ್ಕ ವೀನಸ್. ಭಾರತದ ಯಾವ ಮಹಿಳೆಯೂ ಸಿಂಗಲ್ಸ್‌ನಲ್ಲಿ ಇದುವರೆಗೆ ಆ ಎಂಟರೊಳಗೆ ಬಂದಿಲ್ಲ. ಆದರೆ ಡಬಲ್ಸ್‌ನಲ್ಲಿ ಹೈದರಾಬಾದಿನ ಸಾನಿಯಾ ಮಿರ್ಜಾ 2014ರಲ್ಲಿ ಜಿಂಬಾಬ್ವೆಯ ಕಾರಾ ಬ್ಲ್ಯಾಕ್ ಜೊತೆ, 2015ರಲ್ಲಿ ಮಾರ್ಟಿನಾ ಹಿಂಗಿಸ್ ಜೊತೆ ಗೆದ್ದು ಬಂದರು.

ಈಗ ಕೂಲಿಯ ಮಾತಿಗೆ ಮರಳೋಣ. 2024ರಲ್ಲಿ ಪಂದ್ಯ ಸೌದಿ ಅರೇಬಿಯಾದ ರಿಯಾದ್‌ಗೆ ಹೋಯಿತು. ಒಟ್ಟು ಬಹುಮಾನ ಒಂದೂವರೆ ಕೋಟಿ ಡಾಲರಿಗೂ ಮಿಗಿಲು; ಗಂಡಸರ ವರ್ಷಾಂತ್ಯದ ಪಂದ್ಯದ ಸರಿಸಮ. 2025ರಲ್ಲಿ ಒಂದೂ ಆಟ ಸೋಲದೆ ಗೆದ್ದ ಎಲೆನಾ ರೈಬಾಕಿನಾ ಒಬ್ಬರೇ 52 ಲಕ್ಷ ಡಾಲರಿಗೂ ಹೆಚ್ಚು ಪಡೆದರು. ಆದರೆ ಹೆಂಗಸರ ಹಕ್ಕುಗಳಿಗೆ ಕಟ್ಟುಪಾಡುಗಳಿರುವ ನಾಡಿನಲ್ಲಿ ಈ ಪಂದ್ಯ ಬೇಡವೆಂದು ಎವರ್ಟ್ ಮತ್ತು ನವ್ರಾಟಿಲೋವಾ ಇಬ್ಬರೂ ಬಹಿರಂಗವಾಗಿ ಬರೆದರು. ಸಮನಾದ ಹಣ ಸಿಕ್ಕರೆ ಸಾಕೇ, ಹಣ ಕೊಡುವ ಕೈ ಯಾವುದೆಂದೂ ನೋಡಬೇಕೇ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಒಂದು ಡಾಲರಿಗೆ ಸಹಿ ಹಾಕಿದ ಒಂಬತ್ತು ಮಂದಿಯಿಂದ ಇಲ್ಲಿಯವರೆಗೆ ಬರಲು ಅರ್ಧ ಶತಮಾನ ಹಿಡಿಯಿತು. ನಿಮ್ಮ ಮನೆಯ ಹುಡುಗಿ ಶಾಲೆಯ ಓಟದಲ್ಲೋ ಖೋ ಖೋದಲ್ಲೋ ಸೋತು ಬಂದ ದಿನ ಆಕೆಗೆ ಸಿಂಗಪುರದ ಆ ಒಂದು ಸೆಟ್ಟಿನ ಕಥೆ ಹೇಳಿ. ಸಂಜೆ ಕೂಲಿ ಹಂಚುವಾಗ ಹ್ಯೂಸ್ಟನ್ನಿನ ಆ ಒಂಬತ್ತು ಮಂದಿಯನ್ನು ನೀವೂ ನೆನೆಯಿರಿ.