ಹರಿಗೋಲೇರಿ ಆನೆಗೊಂದಿಗೆ

ಮರಿಯಮ್ಮನಹಳ್ಳಿಯವರಿಗೆ ಕಡಲು ನೋಡಲು ಕಾರವಾರದ ತನಕ ಹೋಗಬೇಕೆಂದೇನಿಲ್ಲ. ಮಳೆಗಾಲ ಮುಗಿದು ತುಂಗಭದ್ರಾ ಜಲಾಶಯ ತುಂಬಿದರೆ ಊರಿನ ಪಡುವಣಕ್ಕೆ ಕಣ್ಣು ಹಾಯುವಷ್ಟೂ ನೀರೇ. ಗಾಳಿ ಎದ್ದರೆ ದಡಕ್ಕೆ ತೆರೆ ಬಡಿಯುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಮುಳುಗಿದ ಊರುಗಳ ಗೋಡೆ, ಗುಡಿಗಳು ಕೆಸರಿನಿಂದ ತಲೆ ಎತ್ತುತ್ತವೆ. 1953ರಲ್ಲಿ ಪೂರ್ತಿಯಾದ ಈ ಅಣೆಕಟ್ಟಿಗೆ 90 ಹಳ್ಳಿಗಳು ಬಲಿಯಾದವು. ಅವುಗಳಲ್ಲಿ ಒಂದಾದ ನಾರಾಯಣದೇವರಕೆರೆಯ ನೆನಪು ಮರಿಯಮ್ಮನಹಳ್ಳಿಯ ಹಿರಿಯರ ಮಾತಿನಲ್ಲಿ ಇನ್ನೂ ಹಸಿಯಾಗಿಯೇ ಇದೆ.

ಆ ಹಿನ್ನೀರಿನ ಮೇಲೆ ಬೆಳಗಿನ ಹೊತ್ತು ಕರಿಚುಕ್ಕೆಗಳಂತೆ ತೇಲುವುದು ಮೀನುಗಾರರ ಹರಿಗೋಲು. ನಮ್ಮ ಕಡೆ ತೆಪ್ಪ ಅನ್ನುವವರೂ ಉಂಟು, ಪುಟ್ಟಿ ಅನ್ನುವವರೂ ಉಂಟು. ಪುಟ್ಟಿ ಎಂಬ ಹೆಸರೇ ನನಗೆ ಹೆಚ್ಚು ಇಷ್ಟ, ಏಕೆಂದರೆ ಅದು ನಿಜಕ್ಕೂ ಬುಟ್ಟಿಯೇ. ಒಂದು ದಿನ ಬಿಡುವು ಮಾಡಿಕೊಂಡು ಈ ಬುಟ್ಟಿಯ ಜಾಡು ಹಿಡಿದು ಹೋದರೆ ಹಳೆಯ ರಾಜಧಾನಿಯೊಂದನ್ನೂ ನದಿಯ ನಡುಗಡ್ಡೆಯನ್ನೂ ಮರಳ ದಂಡೆಯನ್ನೂ ನೋಡಿ ಕತ್ತಲಾಗುವ ಮೊದಲು ಮನೆ ಸೇರಬಹುದು.

ಹೊಸಪೇಟೆ, ಕಮಲಾಪುರ ದಾಟಿ ತಳವಾರಘಟ್ಟಕ್ಕೆ ಬಂದರೆ ರಸ್ತೆ ಮುಗಿಯುತ್ತದೆ, ಎದುರಿಗೆ ನದಿ. ಆಚೆ ದಡವೇ ಆನೆಗೊಂದಿ. ದಂಡೆಯ ಮೇಲೆ ಬೋರಲು ಹಾಕಿದ ಹರಿಗೋಲುಗಳು ಬಿಸಿಲಿಗೆ ಒಣಗುತ್ತಿರುತ್ತವೆ. ನಾವು ಹೋದ ದಿನ ಅಂಬಿಗರೊಬ್ಬರು ತಮ್ಮ ಹರಿಗೋಲಿಗೆ ಡಾಂಬರು ಬಳಿಯುತ್ತಿದ್ದರು. ಡಬ್ಬಿಯಲ್ಲಿ ಕಾಯಿಸಿದ ಡಾಂಬರನ್ನು ಗೋಣಿಚೂರಿನಿಂದ ಎತ್ತಿ, ತಳದ ನಡುವಿನಿಂದ ಅಂಚಿನ ಕಡೆಗೆ ಸುತ್ತಿಸುತ್ತ ಹಚ್ಚುವುದು. ಒಂದು ಕಡೆ ನಿಂತು, ಬೆರಳಿನಿಂದ ಒತ್ತಿ ನೋಡಿ, ಅಲ್ಲಿಗೆ ಇನ್ನೊಂದು ಪದರ ಕೊಟ್ಟರು. ಕಣ್ಣಿಗೆ ಕಾಣದ ತೂತು ಅವರ ಬೆರಳಿಗೆ ಸಿಕ್ಕಿತ್ತು.

ಹರಿಗೋಲು ಹೆಣೆಯುವುದು ಸುಲಭದ ಕೆಲಸವಲ್ಲ. ಬಿದಿರನ್ನು ಸೀಳಿ, ಹೊರಮೈಯ ಗಟ್ಟಿ ಸೀಳುಗಳನ್ನು ಆರಿಸಿ, ನೆಲದ ಮೇಲೆ ಅಡ್ಡ ಉದ್ದ ಹರಡಿ ತಳ ಹೆಣೆಯುತ್ತಾರೆ. ತಳ ತಕ್ಕಷ್ಟು ಅಗಲವಾದ ಮೇಲೆ ಸೀಳುಗಳನ್ನು ಮೇಲಕ್ಕೆ ಬಾಗಿಸಿ ಗೋಡೆ ಎಬ್ಬಿಸುತ್ತಾರೆ. ಅಂಚಿಗೆ ಸೀಳುಗಳ ಕಟ್ಟನ್ನು ಸುತ್ತಿ ಬಿಗಿದರೆ ಬುಟ್ಟಿ ಸಿದ್ಧ. ಹಿಂದೆ ಅದರ ಹೊರಮೈಗೆ ತೊಗಲು ಹೊದಿಸುತ್ತಿದ್ದರು. ಈಗ ತಾಡಪಾಲು ಅಥವಾ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಡಾಂಬರು. ಮೊಳೆಯಿಲ್ಲ, ಹಲಗೆಯಿಲ್ಲ.

ತುಂಗಭದ್ರೆಗೆ ಇದಕ್ಕಿಂತ ತಕ್ಕ ದೋಣಿ ಇಲ್ಲ ಎನ್ನುವುದು ನನ್ನ ದೃಢ ನಂಬಿಕೆ. ಇಲ್ಲಿ ನದಿಯ ತುಂಬ ಬಂಡೆ. ಚೂಪು ತಳದ ದೋಣಿ ಯಾವುದೋ ಒಂದು ಬಂಡೆಗೆ ಬಡಿದೇ ಬಡಿಯುತ್ತದೆ. ಹರಿಗೋಲಿಗೆ ಮೊಳದಷ್ಟು ನೀರು ಸಿಕ್ಕರೂ ಸಾಕು. ಬಂಡೆಗೆ ತಾಗಿದರೆ ಬಿದಿರು ಬಾಗುತ್ತದೆ, ಒಡೆಯುವುದಿಲ್ಲ. ಮುಂದು ಹಿಂದು ಎಂಬುದೇ ಇಲ್ಲದ ಕಾರಣ ಸೆಳವಿಗೆ ಸಿಕ್ಕರೆ ಗಿರ್ರನೆ ತಿರುಗುತ್ತದೆ. ಅದನ್ನು ನೇರ ನಡೆಸುವುದೇ ಅಂಬಿಗನ ವಿದ್ಯೆ. ಅಂಚಿನ ಬಳಿ ಕುಳಿತು ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು.

ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದೇ ಆನೆಗೊಂದಿಗೆ ಇದೇ ಬಗೆಯ ದೋಣಿಯಲ್ಲಿ ಜನ ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿನ, ಹೊರಗೆ ತೊಗಲು ಹೊದಿಸಿದ ದೋಣಿಗಳು. ಹದಿನೈದಿಪ್ಪತ್ತು ಜನರನ್ನು ಹೊರುತ್ತವೆ, ಬೇಕಾದರೆ ಕುದುರೆ, ಎತ್ತುಗಳನ್ನೂ ಸಾಗಿಸುತ್ತವೆ. ಸುತ್ತುತ್ತಲೇ ಸಾಗುತ್ತವೆ ಎಂದಿದ್ದಾನೆ. ಐನೂರು ವರ್ಷ ಕಳೆದು ತೊಗಲು ಹೋಗಿ ತಾಡಪಾಲು ಬಂದಿದೆ. ಬದಲಾದದ್ದು ಅಷ್ಟೇ. ಇರಾಕಿನ ಟೈಗ್ರಿಸ್ ನದಿಯಲ್ಲೂ ಇಂಥದೇ ದುಂಡು ದೋಣಿಗೆ ಡಾಂಬರು ಮೆತ್ತಿ ಓಡಿಸುತ್ತಿದ್ದರು.

ಆಚೆ ದಡದಲ್ಲಿ ಇಳಿದು ಕೋಟೆ ಬಾಗಿಲು ದಾಟಿದರೆ ಆನೆಗೊಂದಿ. 1336ರಲ್ಲಿ ವಿಜಯನಗರ ಹುಟ್ಟುವ ಮೊದಲೇ ಬಾಳಿದ ಊರು ಇದು. ಹಂಪಿಯಲ್ಲಿ ಕಲ್ಲು ಮಾತಾಡುತ್ತದೆ ಅನ್ನುತ್ತಾರೆ. ಇಲ್ಲಿ ಮಾತಾಡಲು ಜನರೇ ಇದ್ದಾರೆ. ಗಗನಮಹಲಿನ ಎದುರು ಮಕ್ಕಳು ಆಡುತ್ತವೆ, ರಂಗನಾಥನ ಗುಡಿಯಲ್ಲಿ ಪೂಜೆ ನಡೆಯುತ್ತದೆ. ಅರಸು ಮನೆತನದ ವಂಶಸ್ಥರೂ ಈ ಊರಿನವರೇ. 1997ರಲ್ಲಿ ಶುರುವಾದ ಕಿಷ್ಕಿಂಧ ಟ್ರಸ್ಟ್ ಊರಿನ ಹೆಣ್ಣುಮಕ್ಕಳಿಗೆ ಬಾಳೆನಾರಿನ ಕೆಲಸ ಕಲಿಸಿದೆ. ಗೊನೆ ಕಡಿದ ಮೇಲೆ ಗದ್ದೆಯಲ್ಲೇ ಕೊಳೆಯುತ್ತಿದ್ದ ಬಾಳೆದಿಂಡು ಈಗ ಚೀಲವಾಗಿ, ಚಾಪೆಯಾಗಿ ಮಾರಾಟವಾಗುತ್ತದೆ.

ಊರಿನ ಹೊರಗೆ ಮತ್ತೆ ನದಿಗೆ ಬಂದರೆ ನವವೃಂದಾವನ ಗಡ್ಡೆ. ಸುತ್ತಲೂ ನೀರು, ನಡುವೆ ಒಂಬತ್ತು ಮಾಧ್ವ ಯತಿಗಳ ವೃಂದಾವನ. ಮಧ್ವಾಚಾರ್ಯರ ಶಿಷ್ಯ ಪದ್ಮನಾಭತೀರ್ಥರು, 1539ರಲ್ಲಿ ತೀರಿಕೊಂಡ ವ್ಯಾಸರಾಯರು ಮೊದಲಾದವರು ಇಲ್ಲಿ ನೆಲೆಸಿದ್ದಾರೆ. 2019ರ ಜುಲೈಯಲ್ಲಿ ದುಷ್ಕರ್ಮಿಗಳು ವ್ಯಾಸರಾಯರ ವೃಂದಾವನವನ್ನು ಕೆಡವಿದಾಗ ಭಕ್ತರು ದೋಣಿಗಳಲ್ಲಿ ಗಡ್ಡೆಗೆ ಬಂದು ಸೇರಿದರು. ಒಂದೆರಡು ದಿನಗಳಲ್ಲೇ ಅದು ಮತ್ತೆ ಎದ್ದು ನಿಂತಿತು. ಗಡ್ಡೆಯ ಮೌನವನ್ನು ಮಾತಿನಲ್ಲಿ ಹೇಳಲಾಗದು. ದಂಡೆಯ ಮರಳಿನ ಮೇಲೆ ಬರಿಗಾಲಲ್ಲಿ ನಡೆದಾಡಿ, ನೀರು ಕೊರೆದು ಮಾಡಿದ ಬಂಡೆಯ ಕುಳಿಗಳಲ್ಲಿ ಮೀನುಮರಿ ನೋಡುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಮರಳಿ ಬರುವಾಗ ತಳವಾರಘಟ್ಟದಲ್ಲಿ ಕಟ್ಟಲು ಹೊರಟಿದ್ದ ಸೇತುವೆಯ ಕಥೆ ನೆನಪಾಗದೆ ಇರದು. ಅದರ ಕಾಮಗಾರಿಯೂ ಒಂದು ಕಾರಣವಾಗಿ 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿಸಿತ್ತು. 2006ರಲ್ಲಿ ಆ ಪಟ್ಟಿಯಿಂದ ಹಂಪಿ ಹೊರಬಂದಿತು. 2009ರ ಜನವರಿಯಲ್ಲಿ, ಕಟ್ಟುತ್ತಿದ್ದ ಆ ಸೇತುವೆ ಕುಸಿದು ಕೂಲಿ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಈಗ ಬುಕ್ಕಸಾಗರ–ಕಡೆಬಾಗಿಲು ನಡುವೆ ಸೇತುವೆ ಇದೆ, ವಾಹನಗಳೆಲ್ಲ ಅಲ್ಲಿಂದಲೇ ಓಡಾಡುತ್ತವೆ. ಊರಿಗೆ ಸೇತುವೆ ಬೇಕು. ಹೆರಿಗೆಗೆ, ಆಸ್ಪತ್ರೆಗೆ ಹೋಗುವವರಿಗೆ ಅದರ ಬೆಲೆ ಗೊತ್ತು. ಆದರೆ ಕಡವಿನ ಗಿರಾಕಿಯೂ ಅದರಿಂದಲೇ ಕಡಿಮೆಯಾದ. ಹಂಪಿಯ ಒಂದೊಂದು ಕಂಬಕ್ಕೂ ಕಾವಲಿದೆ. ಆ ಕಂಬ ಕಡೆದವರನ್ನು, ಕಾಣಲು ಬಂದವರನ್ನು ಐನೂರು ವರ್ಷ ದಾಟಿಸಿದ ಹರಿಗೋಲಿಗೆ, ಅದನ್ನು ಹೆಣೆಯುವ ಕೈಗೆ ಅಂಥ ಆಸರೆ ಇಲ್ಲ. ಕಲ್ಲಿನಷ್ಟೇ ಇದೂ ಪರಂಪರೆ. ಹೆಣೆಯುವವರನ್ನು ಗುರುತಿಸಿ, ಬಿದಿರು ಸುಲಭ ಬೆಲೆಗೆ ಸಿಗುವಂತೆ ಮಾಡಿ, ಕಲಿಯಲು ಬರುವ ಹುಡುಗರಿಗೆ ಒಂದಿಷ್ಟು ಸಂಭಾವನೆ ಕೊಟ್ಟರೂ ಈ ಕಸುಬು ಉಳಿಯುತ್ತದೆ.

ಹೋಗುವವರು ಡಿಸೆಂಬರ್‌ನಿಂದ ಫೆಬ್ರುವರಿ ನಡುವೆ ಹೋಗಿ. ಮಳೆಗಾಲದಲ್ಲಿ ಜಲಾಶಯದ ಗೇಟು ಎತ್ತಿದರೆ ನದಿಯ ರೂಪವೇ ಬೇರೆ. ಆಗ ಅಂಬಿಗರು ಬೇಡ ಎಂದರೆ ಬೇಡ, ಒತ್ತಾಯಿಸಬೇಡಿ. ಹರಿಗೋಲು ಹತ್ತುವಾಗ ಜೀವರಕ್ಷಕ ಜಾಕೆಟ್ ಕೇಳಿ ತೊಟ್ಟುಕೊಳ್ಳಿ, ಅಂಚಿಗೆ ಒರಗದೆ ನಡುವೆ ಕುಳಿತುಕೊಳ್ಳಿ. ಕೊನೆಯ ಹರಿಗೋಲು ಎಷ್ಟು ಹೊತ್ತಿಗೆ ಎಂದು ಹೋಗುವಾಗಲೇ ಕೇಳಿಟ್ಟುಕೊಳ್ಳಿ.