ಸ್ಕೂಟರ್‌ನ ಪೆಟ್ರೋಲ್ ಮುಳ್ಳು ಯಾಕೆ ಸುಳ್ಳು ಹೇಳುತ್ತೆ?

(ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಬೆಳಗ್ಗೆ ಎಂಟೂವರೆ, ಹೆಬ್ಬಾಳ ಫ್ಲೈಓವರ್. ಹಿಂದೆ ಬಿಎಂಟಿಸಿ ಬಸ್ಸು, ಪಕ್ಕದಲ್ಲಿ ಏರ್‌ಪೋರ್ಟ್ ಟ್ಯಾಕ್ಸಿ. ನಿಮ್ಮ ಸ್ಕೂಟರ್ ಎರಡು ಸಲ ಕೆಮ್ಮಿ ನಿಂತೇಬಿಡುತ್ತೆ. ಮೀಟರ್ ನೋಡಿದ್ರೆ ಇನ್ನೂ ಒಂದು ಗೆರೆ ಪೆಟ್ರೋಲ್ ಇದೆ ಅಂತ ತೋರಿಸ್ತಾ ಇದೆ. ಹಾರ್ನ್ ಶುರು.

ನನಗಿದು ಆಗಿದೆ. ಅವತ್ತು ಗಾಡಿ ತಳ್ಳಿಕೊಂಡು ಇಳಿಯೋವಾಗ ಅನ್ನಿಸಿದ್ದು ಇಷ್ಟೇ: ಚಂದ್ರನ ಮೇಲೆ ನೌಕೆ ಇಳಿಸಿದ ದೇಶದಲ್ಲಿ, ಐದು ಲೀಟರ್ ಡಬ್ಬದೊಳಗೆ ಎಷ್ಟು ಪೆಟ್ರೋಲ್ ಇದೆ ಅಂತ ಸರಿಯಾಗಿ ಹೇಳೋಕೆ ಯಾಕೆ ಆಗಲ್ಲ?

ಉತ್ತರ ಟ್ಯಾಂಕ್ ಒಳಗಿದೆ. ನಿಮ್ಮ ಮನೆ ಓವರ್‌ಹೆಡ್ ಟ್ಯಾಂಕ್‌ನಲ್ಲಿ ಬಾಲ್ ವಾಲ್ವ್ ನೋಡಿರ್ತೀರಿ. ನೀರು ಏರಿದ ಹಾಗೆ ಚೆಂಡು ಏರುತ್ತೆ, ಇಳಿದ ಹಾಗೆ ಇಳಿಯುತ್ತೆ. ಸ್ಕೂಟರ್ ಟ್ಯಾಂಕ್ ಒಳಗೂ ಅಂಥದ್ದೇ ಒಂದು ಪುಟಾಣಿ ತೇಲು, ಅದಕ್ಕೊಂದು ತಂತಿಯ ಕೈ. ಆ ಕೈಯ ಇನ್ನೊಂದು ತುದಿ ಒಂದು ಸಣ್ಣ ಪಟ್ಟಿಯ ಮೇಲೆ ಉಜ್ಜಿಕೊಂಡು ಓಡಾಡುತ್ತೆ. ಅದು ವಿದ್ಯುತ್ತಿಗೆ ತಡೆ ಒಡ್ಡೋ ಪಟ್ಟಿ. ಕೈ ಎಲ್ಲಿ ನಿಂತಿದೆ ಅನ್ನೋದರ ಮೇಲೆ ಆ ತಡೆ ಹೆಚ್ಚು ಕಡಿಮೆ ಆಗುತ್ತೆ, ಅದನ್ನೇ ಮೀಟರ್ ಮುಳ್ಳಾಗಿಯೋ ಗೆರೆಯಾಗಿಯೋ ತೋರಿಸುತ್ತೆ. ಮೆಕ್ಯಾನಿಕ್‌ಗಳು ಈ ಇಡೀ ಸೆಟ್‌ಗೆ ‘ಫ್ಲೋಟ್’ ಅಂತಾರೆ. ಹೊಸ ಗಾಡಿಗಳಲ್ಲಿ ಬಣ್ಣದ ಸ್ಕ್ರೀನ್ ಬಂದಿದೆ, ಬ್ಲೂಟೂತ್ ಬಂದಿದೆ, ಆದರೆ ಬಹುತೇಕ ಗಾಡಿಗಳಲ್ಲಿ ಟ್ಯಾಂಕ್ ಒಳಗೆ ಇರೋದು ಇವತ್ತಿಗೂ ಇದೇ ಚೆಂಡು, ಇದೇ ಕೈ.

ಇಲ್ಲೇ ಮೊದಲ ಎಡವಟ್ಟು. ತೇಲು ಅಳೆಯೋದು ಪೆಟ್ರೋಲ್‌ನ ಎತ್ತರವನ್ನ, ಪ್ರಮಾಣವನ್ನಲ್ಲ. ಬಿಂದಿಗೆ ನೆನಪಿಸ್ಕೊಳ್ಳಿ. ಕತ್ತಿನ ಹತ್ತಿರ ಒಂದು ಇಂಚು ನೀರು ಇಳಿದ್ರೆ ಒಂದು ಲೋಟ ಹೋಯ್ತು ಅಂತ ಲೆಕ್ಕ. ಹೊಟ್ಟೆಯ ಹತ್ತಿರ ಅದೇ ಒಂದು ಇಂಚು ಅಂದ್ರೆ ಎಷ್ಟೋ ಲೋಟ. ಸ್ಕೂಟರ್ ಟ್ಯಾಂಕ್ ಬಿಂದಿಗೆಗಿಂತಲೂ ವಕ್ರ. ಸೀಟಿನ ಕೆಳಗೆ ಹೆಲ್ಮೆಟ್‌ಗೆ ಜಾಗ ಬಿಡಬೇಕು, ಎಂಜಿನ್‌ಗೆ ಬಿಡಬೇಕು, ಉಳಿದ ಮೂಲೆಯಲ್ಲಿ ಟ್ಯಾಂಕ್ ಮುದುರಿಕೊಂಡು ಕೂರಬೇಕು. ಕೆಲವು ಗಾಡಿಗಳಲ್ಲಿ ಕಾಲಿಡೋ ಜಾಗದ ಕೆಳಗೆ ಚಪ್ಪಟೆಯಾಗಿ ಮಲಗಿರುತ್ತೆ. ಹಾಗಾಗಿ ಮೊದಲ ಗೆರೆ ಐವತ್ತು ಕಿಲೋಮೀಟರ್ ಬಂದು, ಕೊನೆಯ ಗೆರೆ ಇಪ್ಪತ್ತಕ್ಕೇ ಮುಗಿದ್ರೆ ಗಾಡಿ ಕೆಟ್ಟಿದೆ ಅಂತ ಅರ್ಥ ಅಲ್ಲ. ಗೆರೆಗಳು ಸಮ ಇವೆ, ಅವುಗಳ ಹಿಂದಿರೋ ಪೆಟ್ರೋಲ್ ಸಮ ಇಲ್ಲ, ಅಷ್ಟೇ.

ಇನ್ನೊಂದು ಅನುಭವ ಎಲ್ಲರಿಗೂ ಇರುತ್ತೆ. ಫುಲ್ ಟ್ಯಾಂಕ್ ಹಾಕಿಸ್ತೀರಿ, ಮುಳ್ಳು ಎರಡು ದಿನ ಕದಲೋದೇ ಇಲ್ಲ. ‘ಏನ್ ಮೈಲೇಜ್ ಗುರು!’ ಅಂತ ಖುಷಿ. ನಿಜ ಏನಂದ್ರೆ ಟ್ಯಾಂಕ್ ಪೂರ್ತಿ ತುಂಬೋಕೆ ಮೊದಲೇ ತೇಲು ಮೇಲಿನ ತುದಿ ಮುಟ್ಟಿ ನಿಂತಿರುತ್ತೆ. ಅದರ ಮೇಲಿನ ಪೆಟ್ರೋಲ್ ಅದಕ್ಕೆ ಕಾಣಲ್ಲ. ಅದು ಖರ್ಚಾದ ಮೇಲೇ ಮುಳ್ಳು ಇಳಿಯೋಕೆ ಶುರು ಮಾಡೋದು. ಆಮೇಲೆ ಸರ್ರನೆ ಇಳಿದ ಹಾಗೆ ಕಾಣುತ್ತೆ, ನಾವು ಬಂಕ್‌ನವರನ್ನ ಬೈತೀವಿ.

ಬಂಕ್ ವಿಷಯ ಬಂತಲ್ಲ, ಹೇಳಿಬಿಡ್ತೀನಿ. ಬೆಂಗಳೂರಲ್ಲಿ ಈಗ ನೂರು ರೂಪಾಯಿಗೆ ಪೂರ್ತಿ ಒಂದು ಲೀಟರ್ ಕೂಡ ಬರಲ್ಲ. ಅಷ್ಟು ಹಾಕಿಸಿ ಮುಳ್ಳು ಏರಲಿಲ್ಲ ಅಂತ ಜಗಳ ತೆಗೆದ್ರೆ ಪ್ರಯೋಜನ ಇಲ್ಲ. ಅನುಮಾನ ಇದ್ರೆ ಸರಿಯಾದ ದಾರಿ ಬೇರೆ ಇದೆ: ಪ್ರತಿ ಬಂಕ್‌ನಲ್ಲೂ ಮುದ್ರೆ ಹಾಕಿದ ಐದು ಲೀಟರ್ ಅಳತೆ ಪಾತ್ರೆ ಇರಬೇಕು. ಅದರಲ್ಲಿ ಅಳೆದು ತೋರಿಸಿ ಅಂತ ಕೇಳೋ ಹಕ್ಕು ಗ್ರಾಹಕರಿಗಿದೆ. ನಿಮ್ಮ ಸ್ಕೂಟರ್ ಮೀಟರ್ ಸಾಕ್ಷಿಯಾಗಿ ನಿಲ್ಲಲ್ಲ.

ಇಲ್ಲಿವರೆಗೆ ಹೇಳಿದ್ದು ಚೆನ್ನಾಗಿರೋ ಮೀಟರ್‌ನ ಕಥೆ. ಇನ್ನು ನಿಜವಾಗಿ ಕೆಡೋದು. ಆ ಕೈ ವರ್ಷಗಟ್ಟಲೆ ಪಟ್ಟಿಯ ಮೇಲೆ ಉಜ್ಜುತ್ತೆ. ಪ್ರತಿ ಹಂಪ್, ಪ್ರತಿ ಗುಂಡಿಗೆ ಪೆಟ್ರೋಲ್ ಕುಲುಕಿದಾಗೆಲ್ಲ ಕೈ ಅಲ್ಲಾಡುತ್ತೆ, ಪಟ್ಟಿ ಸವೆಯುತ್ತೆ. ಯಾವಾಗಲೂ ನೂರು, ನೂರೈವತ್ತು ಹಾಕಿಸೋರ ಗಾಡಿಯಲ್ಲಿ ತೇಲು ಕೆಳಗೇ ಓಡಾಡೋದ್ರಿಂದ ಅದೇ ಜಾಗ ಜಾಸ್ತಿ ಸವೆಯುತ್ತೆ. ಅಂದ್ರೆ ಮೀಟರ್‌ನ ಅಗತ್ಯ ಯಾರಿಗೆ ಹೆಚ್ಚೋ ಅವರಿಗೇ ಅದು ಕೈ ಕೊಡೋದು. ಡೆಲಿವರಿ ಕೆಲಸ ಮಾಡೋ ಹುಡುಗರನ್ನ ಕೇಳಿ ನೋಡಿ. ದಿನದ ದುಡಿಮೆ ನೋಡಿಕೊಂಡು ಪೆಟ್ರೋಲ್ ಹಾಕಿಸೋರಿಗೆ ‘ಫುಲ್ ಟ್ಯಾಂಕ್ ಹಾಕಿಸಿ’ ಅನ್ನೋ ಸಲಹೆ ಕೊಡೋದು ಸುಲಭ.

ಇನ್ನು ತೇಲಿಗೆ ತೂತು ಬಿದ್ರೆ ಒಳಗೆ ಪೆಟ್ರೋಲ್ ತುಂಬಿ ಮುಳುಗುತ್ತೆ, ಯಾವಾಗಲೂ ಖಾಲಿ ಅಂತ ತೋರಿಸುತ್ತೆ. ಕೈ ಸಿಕ್ಕಿಹಾಕಿಕೊಂಡ್ರೆ ಯಾವಾಗಲೂ ಅರ್ಧ. ಸೀಟಿನ ಕೆಳಗೆ ನೀರು ಬಿಟ್ಟು ಗಾಡಿ ತೊಳೆದೂ ತೊಳೆದೂ ಕನೆಕ್ಟರ್‌ಗೆ ಕಿಲುಬು ಹಿಡಿದ್ರೆ ಮುಳ್ಳು ಒಂದು ದಿನ ಸರಿ, ಒಂದು ದಿನ ತಪ್ಪು.

ನನ್ನ ಗಾಡಿಗೆ ಸರ್ವಿಸ್ ಸೆಂಟರ್‌ನಲ್ಲಿ ‘ಇಡೀ ಮೀಟರ್ ಬದಲಿಸಬೇಕು ಸರ್’ ಅಂದಿದ್ರು. ಬೀದಿಯ ಮೂಲೆಯ ಮೆಕ್ಯಾನಿಕ್ ಮಾಡಿದ್ದೇ ಬೇರೆ. ಫ್ಲೋಟ್‌ನ ಕನೆಕ್ಟರ್ ಬಿಚ್ಚಿ, ಮೀಟರ್ ಕಡೆಯ ಎರಡು ವೈರ್ ಒಂದು ಕ್ಷಣ ಸೇರಿಸಿದ. ಮುಳ್ಳು ಒಂದು ತುದಿಗೆ ಓಡಿತು. ‘ಮೀಟರ್ ಚೆನ್ನಾಗಿದೆ, ತೊಂದರೆ ಟ್ಯಾಂಕ್ ಒಳಗೆ’ ಅಂದ. ಫ್ಲೋಟ್ ತೆಗೆದು ಕಾಂಟ್ಯಾಕ್ಟ್ ಕ್ಲೀನ್ ಮಾಡಿ ಕೂರಿಸಿದ, ಸರಿಹೋಯ್ತು. ದಯವಿಟ್ಟು ಇದನ್ನ ಮನೆಯಲ್ಲಿ ನೀವೇ ಮಾಡೋಕೆ ಹೋಗಬೇಡಿ. ಪೆಟ್ರೋಲ್ ಪಕ್ಕ ಒಂದು ಕಿಡಿ ಸಾಕು. ಆದರೆ ಮೀಟರ್ ಬದಲಿಸಬೇಕು ಅಂದಾಗ ‘ಫ್ಲೋಟ್ ಚೆಕ್ ಮಾಡಿದ್ರಾ?’ ಅಂತ ಕೇಳಿ.

ಹಿಂದಿನವರು ಹೇಗೆ ನಿಭಾಯಿಸ್ತಿದ್ರು? ಹಳೇ ಗಾಡಿಗಳಲ್ಲಿ ಪೆಟ್ರೋಲ್ ಕಾಕ್ ಇರ್ತಿತ್ತು: ಆನ್, ಆಫ್, ರಿಸರ್ವ್. ಟ್ಯಾಂಕ್ ಒಳಗೆ ಎರಡು ಬಾಯಿ, ಒಂದು ಎತ್ತರದಲ್ಲಿ, ಇನ್ನೊಂದು ತಳದಲ್ಲಿ. ಎತ್ತರದ ಬಾಯಿಗೆ ಪೆಟ್ರೋಲ್ ಸಿಗದೆ ಗಾಡಿ ನಿಂತ್ರೆ ಕಾಕ್ ತಿರುಗಿಸೋದು, ತಳದಲ್ಲಿ ಉಳಿದಿದ್ದರಲ್ಲಿ ಬಂಕ್ ಸೇರೋದು. ವೈರ್ ಇಲ್ಲ, ಕರೆಂಟ್ ಇಲ್ಲ, ಸುಳ್ಳೂ ಇಲ್ಲ. ಅಪ್ಪಂದಿರು ಮುಚ್ಚಳ ತೆಗೆದು, ಗಾಡಿ ಅಲ್ಲಾಡಿಸಿ, ‘ಕುಳು ಕುಳು’ ಸದ್ದು ಕೇಳಿಸಿಕೊಳ್ತಿದ್ದದ್ದು ನೆನಪಿರಬಹುದು.

2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಹೊಸ ಪೆಟ್ರೋಲ್ ಸ್ಕೂಟರ್‌ಗಳಲ್ಲಿ ಕಾರ್ಬ್ಯುರೇಟರ್ ಜಾಗಕ್ಕೆ ಫ್ಯೂಯೆಲ್ ಇಂಜೆಕ್ಷನ್ ಬಂತು. ಕಾಕ್ ಇಲ್ಲ. ಅದರ ಬದಲು ಸಾಮಾನ್ಯವಾಗಿ ಟ್ಯಾಂಕ್ ಒಳಗೇ ಮುಳುಗಿರೋ ಎಲೆಕ್ಟ್ರಿಕ್ ಪಂಪ್. ಆ ಪಂಪ್ ತಣ್ಣಗಿರೋದು ಸುತ್ತಲಿನ ಪೆಟ್ರೋಲ್‌ನಿಂದಲೇ. ಪದೇ ಪದೇ ಟ್ಯಾಂಕ್ ಒಣಗಿಸಿದ್ರೆ ಪಂಪ್ ಬಿಸಿಯಾಗಿ ಬೇಗ ಸಾಯುತ್ತೆ, ಬದಲಿಸೋಕೆ ಸಾವಿರಗಟ್ಟಲೆ ಖರ್ಚು. ಒಂದು ಕಾಲದಲ್ಲಿ ಪೆಟ್ರೋಲ್ ಖಾಲಿಯಾಗೋದು ಬರೀ ಮುಜುಗರ ಆಗಿತ್ತು, ಈಗ ರಿಪೇರಿ ಬಿಲ್. ಮೀಟರ್ ಮೇಲೆ ನಾವು ಹೆಚ್ಚು ಅವಲಂಬಿಸಬೇಕಾದ ಹೊತ್ತಿಗೇ ರಿಸರ್ವ್ ಕಾಕ್ ಹೋಯ್ತು ಅನ್ನೋದು ನನಗೆ ಸರಿಕಾಣಲ್ಲ.

ಎಲೆಕ್ಟ್ರಿಕ್ ಸ್ಕೂಟರ್‌ನವರು ನಗಬೇಡಿ, ನಿಮ್ಮ ‘ರೇಂಜ್’ ಕೂಡ ಒಂದು ಅಂದಾಜೇ. ಅದಕ್ಕೆ ಇನ್ನೊಂದು ಸಂಚಿಕೆ ಮಾಡೋಣ.

ಹಾಗಾದ್ರೆ ಯಾವುದನ್ನ ನಂಬೋದು? ಟ್ರಿಪ್ ಮೀಟರ್. ಸಂಬಳ ಬಂದ ವಾರ ಒಂದು ಸಲ ಫುಲ್ ಟ್ಯಾಂಕ್ ಹಾಕಿಸಿ, ನಳಿಕೆ ತಾನೇ ಕಟ್ ಆಗೋವರೆಗೆ ಮಾತ್ರ. ಟ್ರಿಪ್ ಸೊನ್ನೆ ಮಾಡಿ. ಓಡಿಸಿ, ಮತ್ತೆ ಅದೇ ರೀತಿ ತುಂಬಿಸಿ. 160 ಕಿಲೋಮೀಟರ್ ಓಡಿ 3.8 ಲೀಟರ್ ಹಿಡಿದ್ರೆ ಲೀಟರ್‌ಗೆ ಸುಮಾರು 42. ನಿಮ್ಮ ಟ್ಯಾಂಕ್ 5.3 ಲೀಟರ್ ಅಂದುಕೊಳ್ಳಿ, ಲೆಕ್ಕದಲ್ಲಿ 220 ದಾಟಬಹುದು. ಆದರೆ ತಳದ ಸ್ವಲ್ಪ ಪೆಟ್ರೋಲ್ ಪಂಪ್‌ಗೆ ಎಟುಕಲ್ಲ, ಟ್ರಾಫಿಕ್ ಇದೆ, ಹಿಂದೆ ಒಬ್ಬರು ಕೂತಿರ್ತಾರೆ. 170ಕ್ಕೆ ಬಂಕ್ ಹುಡುಕಿ. ಈ ಲೆಕ್ಕ ನಾಲ್ಕೈದು ವರ್ಷ ಹಳೇದಾಗಿದ್ರೆ ಮತ್ತೆ ಮಾಡಿ, ಯಾಕಂದ್ರೆ ಈಗ ಸಿಗೋದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ, ಮೈಲೇಜ್ ಸ್ವಲ್ಪ ಇಳಿಯುತ್ತೆ.

ಮೀಟರ್ ನೋಡಲೇಬೇಕು ಅಂದ್ರೆ ಸಮತಟ್ಟು ಜಾಗದಲ್ಲಿ, ಗಾಡಿ ನೆಟ್ಟಗಿದ್ದಾಗ ನೋಡಿ. ಸೈಡ್ ಸ್ಟ್ಯಾಂಡ್ ಹಾಕಿದಾಗ ಪೆಟ್ರೋಲ್ ಒಂದು ಮೂಲೆಗೆ ಹೋಗುತ್ತೆ. ಘಾಟಿ ಏರೋವಾಗ ತೋರಿಸಿದ್ದು ಇಳಿಯೋವಾಗ ಇರಲ್ಲ.

ಇಷ್ಟಾದ್ರೂ ನಡುರಸ್ತೆಯಲ್ಲಿ ನಿಂತ್ರೆ? ಎಂಜಿನ್ ಆಫ್ ಆದ್ರೂ ಬ್ರೇಕ್ ಕೆಲಸ ಮಾಡುತ್ತೆ. ಗಾಬರಿಯಾಗಿ ಅಲ್ಲೇ ನಿಲ್ಲಬೇಡಿ, ಎಡಗಡೆ ಇಂಡಿಕೇಟರ್ ಹಾಕಿ, ಗಾಡಿ ಉರುಳ್ತಾ ಇರೋವಾಗಲೇ ಎಡಕ್ಕೆ ಬನ್ನಿ. ಪೆಟ್ರೋಲ್ ಹಾಕಿದ ಮೇಲೆ ತಕ್ಷಣ ಸೆಲ್ಫ್ ಒತ್ತುತ್ತಾ ಕೂರಬೇಡಿ. ಕೀ ಆನ್ ಮಾಡಿ, ಪಂಪ್ ‘ಗುಂಯ್’ ಅನ್ನೋದು ನಿಲ್ಲಲಿ, ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದ್ರೆ ಪೈಪ್‌ನಲ್ಲಿ ಪೆಟ್ರೋಲ್ ತುಂಬುತ್ತೆ. ಆಮೇಲೆ ಸ್ಟಾರ್ಟ್ ಮಾಡಿ. ಟ್ರಿಪ್ ಮೀಟರ್ ಮಾತ್ರ ಆಗಲೇ ಸೊನ್ನೆ ಮಾಡಬೇಡಿ, ಮುಂದಿನ ಸಲ ಫುಲ್ ಹಾಕಿಸಿದಾಗ ಮಾಡಿ.